ಕ್ಯಾಂಬರೋ ರಾಕರೋ? ಮೈಸೂರಿನಿಂದ ಗುಲ್ಮಾರ್ಗ್‌ಗೆ ಹೊರಟವರಿಗೆ

ಚಾಮುಂಡಿ ಬೆಟ್ಟದಲ್ಲಿ ಹಿಮ ಬೀಳದು. ಮೈಸೂರಿನವರು ಹಿಮದ ಮೇಲೆ ನಿಂತು ಜಾರುವ ಹಲಗೆಯಾದ ಸ್ನೋಬೋರ್ಡನ್ನು ಓಡಿಸಿ ನೋಡಿ ಖರೀದಿಸುವ ಹಾಗಿಲ್ಲ. ನುರಿತ ಸವಾರರ ಪರೀಕ್ಷಾ ವರದಿಯನ್ನೇ ನಂಬಬೇಕು. ಹಾಗಾಗಿ ಕ್ಯಾಂಬರ್, ರಾಕರ್ ಎಂಬ ಎರಡು ಆಕಾರದ ಹಲಗೆಗಳಲ್ಲಿ ಯಾವುದು ಸರಿ ಎಂದು ನೋಡುವ ಮುನ್ನ ಯಾವ ವರದಿ ನಂಬಲರ್ಹ ಎಂಬುದು ಗೊತ್ತಿರಲಿ.

ಒಳ್ಳೆಯ ಪರೀಕ್ಷೆಯಲ್ಲಿ ಎರಡು ಮಾದರಿಗಳ ನಡುವೆ ವ್ಯತ್ಯಾಸ ಒಂದೇ. ಬೂಟು, ಅದನ್ನು ಹಲಗೆಗೆ ಬಿಗಿಯುವ ಬೈಂಡಿಂಗ್, ಪಾದದ ಕೋನ, ಇಳಿಜಾರು ಎಲ್ಲವೂ ಅವೇ. ತಳಕ್ಕೆ ಹಚ್ಚಿದ ಮೇಣ ಬೇರೆಯಾದರೂ ವೇಗದ ಅಂದಾಜು ಕೆಡುತ್ತದೆ. ಬೆಳಗಿನ ಗಟ್ಟಿ ಹಿಮ ಬಿಸಿಲೇರಿದಂತೆ ಮೆತ್ತಗಾಗುವುದರಿಂದ ಮೊದಲು ಓಡಿಸಿದ ಹಲಗೆಯನ್ನು ಕೊನೆಗೆ ಮತ್ತೊಮ್ಮೆ ಓಡಿಸಬೇಕು. 'ಚೆನ್ನಾಗಿದೆ' ಎಂದರೆ ಹಲಗೆಯ ವಿನ್ಯಾಸಕಾರನಿಗೆ ಏನೂ ಹೇಳಿದಂತಾಗಲಿಲ್ಲ. 'ಹಿಮ್ಮಡಿ ಕಡೆಯ ತಿರುವು ಮುಗಿಯುವಾಗ ಬಾಲ (ಹಲಗೆಯ ಹಿಂತುದಿ) ಜಾರಿತು' ಎಂದರೆ ಬಾಲದ ಬಿಗಿತವನ್ನೋ ಅಂಚಿನ ಬಾಗನ್ನೋ ತಿದ್ದಬಹುದು.

ಕ್ಯಾಂಬರ್ ಹಲಗೆ ಬಿಲ್ಲಿನಂತೆ, ನಡು ಮೇಲೆದ್ದಿರುತ್ತದೆ. ಭಾರ ಬಿದ್ದಾಗ ಅಂಚು ಉದ್ದಕ್ಕೂ ಒತ್ತಿ ಗಟ್ಟಿ ಹಿಮವನ್ನು ಕಚ್ಚುತ್ತದೆ. ಹೊಸಬರ ಪಾದ ಸ್ವಲ್ಪ ವಾಲಿದರೂ ಅಂಚು ಸಿಕ್ಕಿ ಮುಗ್ಗರಿಸುವಂತೆ ಮಾಡುವುದೂ ಅದೇ ಗುಣ. ರಾಕರ್ ತೊಟ್ಟಿಲ ತಳದಂತೆ, ತುದಿಗಳು ಮೇಲೆ. ಪುಡಿಹಿಮದಲ್ಲಿ ತೇಲುತ್ತದೆ, ತಪ್ಪನ್ನು ಕ್ಷಮಿಸುತ್ತದೆ. ಮಂಜುಗಟ್ಟಿದ ಇಳಿಜಾರಿನಲ್ಲಿ ಮಾತ್ರ ಹಿಡಿತ ಕಡಿಮೆ.

ಕಲಿಯುವವರಿಗೆ ನಡುವೆ ಸಣ್ಣ ಕ್ಯಾಂಬರ್, ತುದಿಗಳಲ್ಲಿ ರಾಕರ್ ಇರುವ ಮಿಶ್ರ ಹಲಗೆಯೇ ವಾಸಿ. ಗುಲ್ಮಾರ್ಗ್‌ನ ಕೇಬಲ್ ಕಾರಾದ ಗೊಂಡೋಲಾದ 2ನೇ ಹಂತ ಏರಿ ಅಫರ್ವಾಟ್ ಪರ್ವತದ ಪುಡಿಹಿಮಕ್ಕಿಳಿಯುವಷ್ಟು ಪಳಗಿದವರಿಗೆ ರಾಕರ್ ಸರಿ. ಉದ್ದವನ್ನು ಎತ್ತರಕ್ಕಿಂತ ತೂಕ ನೋಡಿ ಆರಿಸಿ. ಬೂಟಿನ ತುದಿ ಅಂಚಿನಿಂದ ತೀರಾ ಹೊರಚಾಚಿದರೆ ತಿರುವಿನಲ್ಲಿ ಹಿಮಕ್ಕೆ ತಗುಲುತ್ತದೆ. ಆಗ ಅಗಲದ ಹಲಗೆ ಬೇಕು.