ಮುಂಬಯಿ ಪಾಲಿಕೆಯ ಮಳೆ ಮಾಹಿತಿ ಸೇವೆ: ಕಿಂಗ್ಸ್ ಸರ್ಕಲ್‌ನ ಹೋಟೆಲೊಂದರಿಂದ ಕಂಡಂತೆ

ಮಾಟುಂಗಾದ ಕಿಂಗ್ಸ್ ಸರ್ಕಲ್ ಬಳಿ ಇರುವ ನಮ್ಮ ಸೋದರಮಾವನ ಸಣ್ಣ ಹೋಟೆಲಿನ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಮಳೆಗಾಲದ ಚಿಂತೆ ಗಿರಾಕಿಗಳದ್ದಲ್ಲ, ಉಗ್ರಾಣದ ನೆಲದ ಮೇಲಿರುವ ಅಕ್ಕಿ, ಉದ್ದಿನ ಚೀಲಗಳದ್ದು. ಯಾವ ರಾತ್ರಿ ಅವನ್ನು ಅಟ್ಟಕ್ಕೆ ಏರಿಸಬೇಕು, ಯಾವ ರಾತ್ರಿ ಹುಡುಗರಿಗೆ ಆ ಶ್ರಮ ಕೊಡಬೇಕಾಗಿಲ್ಲ ಎಂದು ತೀರ್ಮಾನಿಸಲು ಕೆಲವು ವರ್ಷಗಳಿಂದ ನಾನು ನಂಬಿಕೊಂಡಿರುವುದು ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ವಿಪತ್ತು ನಿರ್ವಹಣಾ ವಿಭಾಗದ ಉಚಿತ ಮಾಹಿತಿ ಸೇವೆಯನ್ನು. ಜಾಲತಾಣ, ಮೊಬೈಲ್ ಆ್ಯಪ್, ಹಗಲಿರುಳೂ ತೆರೆದಿರುವ 1916 ಸಹಾಯವಾಣಿ ಮತ್ತು ಮಳೆಗಾಲಕ್ಕೆ ಮುನ್ನ ಹೊರಬರುವ ಉಬ್ಬರದ ಪಟ್ಟಿ ಇವೆಲ್ಲ ಸೇರಿ ಈ ಸೇವೆ. ಹವಾಮಾನ ಬದಲಾವಣೆಗೆ ನಗರವನ್ನು ಅಣಿಗೊಳಿಸಲು ನಡೆದಿರುವ ದೊಡ್ಡ ಕಾಮಗಾರಿಗಳ ಮುಂದೆ ಇದು ತೀರ ಸಣ್ಣದು. ಆದರೆ ನನ್ನಂಥವನ ಕೈಗೆ ನೇರವಾಗಿ ಎಟುಕುವುದು ಇದೇ.

ಇವುಗಳಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದಿರುವುದು ಉಬ್ಬರದ ಪಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ 4.5 ಮೀಟರಿಗಿಂತ ಮೇಲೇರುವ ದಿನಗಳನ್ನು ಅದು ಗಂಟೆ, ನಿಮಿಷ ಸಹಿತ ತಿಳಿಸುತ್ತದೆ. ಅಂಥ ದಿನಗಳು ಸಾಮಾನ್ಯವಾಗಿ 20ರ ಆಸುಪಾಸು ಇರುತ್ತವೆ. ನಗರದ ಮಳೆನೀರು ಸಮುದ್ರ ಸೇರುವ 186 ಬಾಯಿಗಳಲ್ಲಿ 45 ಸರಾಸರಿ ಸಮುದ್ರ ಮಟ್ಟಕ್ಕಿಂತಲೂ ಕೆಳಗಿವೆ, ಉಳಿದವುಗಳಲ್ಲಿ ಬಹುಪಾಲು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಆದ್ದರಿಂದ ಉಬ್ಬರದ ಹೊತ್ತಿಗೇ ಜೋರಾಗಿ ಮಳೆ ಹೊಡೆದರೆ ನೀರು ತಾನಾಗಿ ಹರಿದುಹೋಗುವುದಿಲ್ಲ. ಪಂಪು ಇರುವಲ್ಲಿ ಎತ್ತಿ ಹಾಕಬೇಕು, ಇಲ್ಲದಲ್ಲಿ ಇಳಿತಕ್ಕೆ ಕಾಯಬೇಕು. ನಗರದ ಮಳೆನೀರು ಚರಂಡಿಗಳನ್ನು ಸುಧಾರಿಸುವ ಬ್ರಿಮ್‌ಸ್ಟೊವಾಡ್ ಯೋಜನೆಯ ಎಂಟು ಪಂಪಿಂಗ್ ಸ್ಟೇಷನ್‌ಗಳಲ್ಲಿ ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಸೇರಿ ಆರು ಕೆಲಸ ಮಾಡುತ್ತಿವೆ. ಮಾಟುಂಗಾ, ಸಯಾನ್, ಕುರ್ಲಾ ಕಡೆಯವರಿಗೆ ನೆರವಾಗಬೇಕಾದ ಮಾಹುಲ್‌ನದ್ದು ಜಾಗದ ತಕರಾರಿಗೆ ಸಿಕ್ಕಿ ವರ್ಷಗಟ್ಟಲೆ ಹಿಂದೆ ಬಿದ್ದಿತು. ಪಟ್ಟಿಯನ್ನು ನಾವು ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿಕೊಂಡಿರುವುದು ಇದಕ್ಕಾಗಿಯೇ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸುವುದು ಒಳ್ಳೆಯದು. ಉಬ್ಬರದ ಈ ಮೀಟರ್ ಅಂಕಿಯನ್ನು ಸುದ್ದಿಯವರು ‘ಇಷ್ಟು ಮೀಟರ್ ಎತ್ತರದ ಅಲೆಗಳು’ ಎಂದು ಬರೆದು ಜನರನ್ನು ಹೆದರಿಸುವುದುಂಟು. ಅದು ಉಬ್ಬರದಲ್ಲಿ ನೀರು ಏರುವ ಮಟ್ಟವೇ ಹೊರತು ಅಲೆಯ ಎತ್ತರವಲ್ಲ. ಕರಾವಳಿಯಿಂದ ಬಂದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಬೆನ್ನಿಗೆ ಹೊಳೆಬಾಗಿಲಲ್ಲಿ ನೀರು ಏರುವುದನ್ನು ಕಂಡೇ ಬೆಳೆದವರು ಅವರು.

ಮಳೆಮಾಪಕಗಳ ಮಾಹಿತಿ ಎರಡನೆಯ ಲಾಭ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾದಾಗ ಕೊಲಾಬಾದಲ್ಲಿ ಅದು 75 ಮಿಲಿಮೀಟರನ್ನೂ ಮುಟ್ಟಿರಲಿಲ್ಲ. ಎರಡು ವೀಕ್ಷಣಾಲಯಗಳ ನಡುವಿನ ಇಡೀ ಊರಿನಲ್ಲಿ ಏನಾಗುತ್ತಿದೆಯೆಂದು ಯಾರಿಗೂ ತಿಳಿಯದಿದ್ದ ಆ ದಿನದ ನಂತರ ಅಗ್ನಿಶಾಮಕ ಠಾಣೆ, ಪಾಲಿಕೆಯ ಕಟ್ಟಡಗಳ ಮೇಲೆ ಸ್ವಯಂಚಾಲಿತ ಮಾಪಕಗಳು ಬಂದವು. ಅವು 15 ನಿಮಿಷಕ್ಕೊಮ್ಮೆ ಕೊಡುವ ಅಂಕಿಗಳಿಂದ ದಾದರ್ ಮತ್ತು ವಡಾಲಾದ ಮಳೆಗಳನ್ನು ಬೇರೆಬೇರೆಯಾಗಿ ನೋಡಬಹುದು. ಬ್ರಿಟಿಷರ ಕಾಲದ ಚರಂಡಿಗಳು ತಡೆದುಕೊಳ್ಳುತ್ತಿದ್ದುದು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು. ಅದನ್ನು 50ಕ್ಕೆ ಏರಿಸುವುದು ಬ್ರಿಮ್‌ಸ್ಟೊವಾಡ್‌ನ ಗುರಿ. ನಾನು ಹಳೆಯ ಅಂಕಿಯನ್ನೇ ಹಿಡಿದಿದ್ದೇನೆ: ಹತ್ತಿರದ ಮಾಪಕ ಗಂಟೆಗೆ 25 ದಾಟಿ, ಉಬ್ಬರಕ್ಕೆ ಎರಡು ಗಂಟೆಯೊಳಗೆ ಉಳಿದಿದ್ದರೆ ಚೀಲಗಳು ಮೇಲೇರುತ್ತವೆ.

ಆದರೆ ಮಾಪಕ ಹೇಳುವುದು ಬಿದ್ದ ಮಳೆಯನ್ನು, ರಸ್ತೆಯಲ್ಲಿ ನಿಂತ ನೀರನ್ನಲ್ಲ. ನಮ್ಮ ಓಣಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆಯೇ ಎಂಬುದನ್ನು ಈ ಎರಡು ಅಂಕಿಗಳಿಂದ ನಾವೇ ಊಹಿಸಬೇಕು. ಯಾವ ಪ್ರದೇಶ ಎಷ್ಟು ಮುಳುಗೀತೆಂದು ಮೂರು ದಿನ ಮೊದಲೇ ಲೆಕ್ಕ ಹಾಕುವ ‘ಐಫ್ಲೋಸ್’ ವ್ಯವಸ್ಥೆಯನ್ನು ಕೇಂದ್ರದ ಭೂ ವಿಜ್ಞಾನ ಸಚಿವಾಲಯ ಪಾಲಿಕೆಯೊಡಗೂಡಿ 2020ರ ಜೂನ್‌ನಲ್ಲಿ ಆರಂಭಿಸಿತು. ಅದರ ರಚನೆಯೇ ಆಡಳಿತದ ತೀರ್ಮಾನಗಳಿಗೆ ನೆರವಾಗಲೆಂದು ಆಗಿದೆ. ಆ ಲೆಕ್ಕ ಓಣಿಯ ಮಟ್ಟದಲ್ಲಿ, ಸರಳ ಮಾತಿನಲ್ಲಿ, ಫೋನಿಗೆ ಬರುವಂತಾದರೆ ನಾನು ಈ ಸೇವೆಗೆ ಪೂರ್ಣ ಅಂಕ ಕೊಟ್ಟೇನು.

ಇದಕ್ಕಿಂತ ದೊಡ್ಡ ಕೊರತೆ ಪಂಚಾಂಗದ್ದು. ಮುಂಬಯಿಗೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಅದು ಮೇ 26ಕ್ಕೇ ಬಂದಿತು. ಅಂದು ಆಚಾರ್ಯ ಅತ್ರೆ ಚೌಕದ ನೆಲದಡಿಯ ಮೆಟ್ರೋ ನಿಲ್ದಾಣಕ್ಕೆ ನೀರು ನುಗ್ಗಿತು. ನೆಲದಡಿಯಲ್ಲಿ ನೀರು ಹಿಡಿದಿಡುವ ಟಾಂಕಿಗಳನ್ನು ಕಟ್ಟಿದ ಹಿಂದ್‌ಮಾತಾದಲ್ಲಿಯೂ ನೀರು ನಿಂತಿತು. ನಾಲಾ ಹೂಳೆತ್ತುವ ಗಡುವು ಮೇ 31, ಉಬ್ಬರದ ಪಟ್ಟಿ ತೊಡಗುವುದು ಜೂನ್‌ನಿಂದ. ಆದರೆ ಮೇ 26ರ ಮರುದಿನವೇ ಅಮಾವಾಸ್ಯೆ, ಅಂದರೆ ಉಬ್ಬರ ಹೆಚ್ಚುವ ಹೊತ್ತು, ಎಂದು ನಮ್ಮ ಅಡುಗೆ ಭಟ್ಟರ ಗೋಡೆಯ ಕ್ಯಾಲೆಂಡರು ಹೇಳುತ್ತಿತ್ತು. 2022ರ ಮಾರ್ಚ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆಯನ್ನೇ ಹೊರತಂದು, ನಗರ ಪ್ರವಾಹವನ್ನು ಅದರ ಆರು ಮುಖ್ಯ ಕ್ಷೇತ್ರಗಳಲ್ಲಿ ಒಂದಾಗಿ ಗುರುತಿಸಿರುವ ಪಾಲಿಕೆಗೆ ಪಟ್ಟಿಯನ್ನು ಮೇ ಮತ್ತು ಅಕ್ಟೋಬರ್‌ಗಳಿಗೂ ಚಾಚುವುದು ಖರ್ಚಿನ ಕೆಲಸವಲ್ಲ. ಉಬ್ಬರದ ಲೆಕ್ಕ ವರ್ಷವಿಡೀ ಸಿದ್ಧವಾಗಿಯೇ ಇರುತ್ತದೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ನೆಲಮಹಡಿಯಲ್ಲಿ ಅಂಗಡಿ, ಖಾನಾವಳಿ, ಮನೆ ಇರುವವರು ಆ್ಯಪ್ ಇಳಿಸಿಕೊಂಡು ಸುಮ್ಮನಾಗದೆ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಹಚ್ಚಬೇಕು, ಏಕೆಂದರೆ ನೀರು ನಿಂತ ರಾತ್ರಿ ಕರೆಂಟು ಹೋಗಿ ಫೋನ್ ಚಾರ್ಜ್ ಮುಗಿದಿರುವ ಸಂಭವವೇ ಹೆಚ್ಚು. ಮೇ ತಿಂಗಳ ಸಾಲುಗಳನ್ನು ಸದ್ಯಕ್ಕೆ ಕೈಯಿಂದಲೇ ಬರೆದುಕೊಳ್ಳಬೇಕಾಗುತ್ತದೆ.