ತಗಡಿನ ಶೆಡ್ಡಿಗೆ ಕಬ್ಬಿಣದ ಕೂಲರ್: ಹಲವು ಬೇಸಿಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಒಣ ಬಿಸಿಲಿನ ಊರಲ್ಲಿ ಮರದ ಕೆಲಸ ಮಾಡುವವರಿಗೆ ಎಸಿಗಿಂತ ಕೂಲರೇ ಒಳ್ಳೆಯದು. ದುಡ್ಡು ಉಳಿಯುತ್ತದೆ ಅನ್ನುವುದಕ್ಕಿಂತ ದೊಡ್ಡ ಕಾರಣ ಧೂಳು.

ನಮ್ಮದು ಕಲಬುರಗಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಮನೆ ಹಿತ್ತಲಿನ ಶೆಡ್ಡಿನಲ್ಲಿ ಬಾಗಿಲು, ಮಂಚ, ಸಣ್ಣಪುಟ್ಟ ಪೀಠೋಪಕರಣ ಮಾಡುವ ನನಗೆ ಆ ಅನುಕೂಲ ಇಲ್ಲ. ಅದಕ್ಕೇ ಊರಲ್ಲೇ ತಯಾರಾದ ಕಬ್ಬಿಣದ ಬಾಡಿಯ ದೊಡ್ಡ ಕೂಲರ್ ತಂದೆ. ಕಂಪನಿ ಹೆಸರಿಲ್ಲ, ರಿಮೋಟ್ ಇಲ್ಲ. ಮೂರು ಕಡೆ ಹುಲ್ಲಿನ ಪ್ಯಾಡ್, ಒಳಗೆ ಒಂದು ಫ್ಯಾನ್, ಒಂದು ಪಂಪ್. ಅಷ್ಟೇ.

ಗರಗಸ ಓಡಿಸುವ ಜಾಗದಲ್ಲಿ ಎಸಿ ಹಾಕಿದರೆ ಬಾಗಿಲು, ಕಿಟಕಿ ಮುಚ್ಚಬೇಕು. ಆಗ ಅದೇ ಧೂಳಿನ ಗಾಳಿ ಒಳಗೇ ಸುತ್ತುತ್ತದೆ, ಎಸಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಉಸಿರಿಗೂ ಕಷ್ಟ. ಕೂಲರ್ ಹೊರಗಿನ ಹೊಸ ಗಾಳಿ ಎಳೆದು ಒಳಗೆ ನೂಕುತ್ತದೆ. ಎದುರಿನ ಬಾಗಿಲು ತೆರೆದಿದ್ದರೆ ಬಿಸಿ ಗಾಳಿಯ ಜೊತೆ ಸಣ್ಣ ಪುಡಿಯೂ ಆಚೆ ಹೋಗುತ್ತದೆ. ರಂದಾ ಹೊಡೆಯುವಾಗ ಏಳುವ ಪುಡಿ ಬಾಗಿಲ ಕಡೆ ತೇಲಿ ಹೋಗುವುದು ಬಿಸಿಲ ಕೋಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಾಗಂತ ಮಾಸ್ಕ್ ಬಿಡಬೇಡಿ.

ಕೂಲರನ್ನು ಕಿಟಕಿಯ ಹೊರಗೆ, ನೆರಳಿನಲ್ಲಿ ಇಡಬೇಕು. ಎದುರಿಗೆ ಗಾಳಿ ಹೋಗಲು ದಾರಿ ಇರಲೇಬೇಕು. ‘ಕೂಲರ್ ಹಾಕಿದೆ, ಬರೀ ಜಿಗುಟು’ ಅನ್ನುವ ಬಹಳ ಜನರ ಮನೆಯಲ್ಲಿ ನೋಡಿದ್ದೇನೆ, ಬಾಗಿಲು ಮುಚ್ಚಿರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುವುದರಿಂದ ಗಾಳಿ ತಣ್ಣಗಾಗುತ್ತದೆ. ಹೊರಗೆ 42 ಡಿಗ್ರಿ ಇದ್ದು, ಗಾಳಿಯ ತೇವ ಶೇ 20ರಷ್ಟಿದ್ದರೆ ಒಳ್ಳೆ ಪ್ಯಾಡಿನಿಂದ 28–29 ಡಿಗ್ರಿ ಗಾಳಿ ಬರುತ್ತದೆ. ಒಳಗೇ ಸುತ್ತಿದ ಒದ್ದೆ ಗಾಳಿಗೆ ಮತ್ತೆ ನೀರು ಕುಡಿಯುವ ಶಕ್ತಿ ಎಲ್ಲಿಂದ ಬರಬೇಕು?

ಆದರೆ ತಲೆ ಮೇಲಿನ ತಗಡಿಗೆ ಕೂಲರ್ ಉತ್ತರ ಅಲ್ಲ. ಕಾದ ತಗಡು ಕೆಳಗೆ ನಿಂತವರ ಮೇಲೆ ನೇರವಾಗಿ ಶಾಖ ಸುರಿಯುತ್ತದೆ, ಸುತ್ತಲ ಗಾಳಿ ತಣ್ಣಗಿದ್ದರೂ ನೆತ್ತಿ ಸುಡುತ್ತದೆ. ಹಾಗಾಗಿ ಮೇಲೆ ಬಿಸಿಲು ತಿರುಗಿಸುವ ಬಿಳಿ ಪೇಂಟ್ ಹೊಡೆಸಿದ್ದೇನೆ. ಅದರ ಮೇಲೆ ಧೂಳು ಕೂತರೆ ಗುಣ ಹೋಗುತ್ತದೆ. ಪ್ರತಿ ವರ್ಷ ಮಾರ್ಚಿನಲ್ಲಿ ತೊಳೆಸುತ್ತೇನೆ. ಥರ್ಮೋಕೋಲ್ ಸೀಲಿಂಗ್ ಹಾಕು ಅಂತ ತುಂಬಾ ಜನ ಹೇಳಿದರು. ಕಟ್ಟಿಗೆ ಪುಡಿ, ಕಿಡಿ ಎರಡೂ ಇರುವ ಜಾಗದಲ್ಲಿ ಅದು ಬೇಡವೇ ಬೇಡ, ಬೆಂಕಿ ಬೇಗ ಹಿಡಿಯುತ್ತದೆ.

ಈಗ ತೊಂದರೆಗಳಿಗೆ ಬರೋಣ. ಬೋರ್ ನೀರಿನ ಉಪ್ಪು ಪ್ಯಾಡಿನ ಮೇಲೆ ಬಿಳಿ ಗಟ್ಟಿ ಪದರವಾಗಿ ಕೂರುತ್ತದೆ. ನೀರು ಆವಿಯಾದರೂ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದಲ್ಲ, ಬರೀ ಮೇಲಿಂದ ತುಂಬಿಸುತ್ತಾ ಹೋದರೆ ಸಾಲದು. ವಾರಕ್ಕೊಮ್ಮೆಯಾದರೂ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಇಂಥ ನೀರಲ್ಲೇ ಮೊಟ್ಟೆ ಇಡುತ್ತದೆ, ಅದಕ್ಕೂ ಇದೇ ಮದ್ದು. ಹುಲ್ಲಿನ ಪ್ಯಾಡ್ ಪ್ರತಿ ಬೇಸಿಗೆಗೆ ಹೊಸದು ಬೇಕು. ಜೇನುಗೂಡಿನಂಥ ತೂತುಗಳ ಪ್ಯಾಡ್ ಜಾಸ್ತಿ ಬಾಳುತ್ತದೆ, ಆದರೆ ಅದರ ಸಂದಿಗೆ ಕಟ್ಟಿಗೆ ಪುಡಿ ಸೇರಿದರೆ ತೆಗೆಯುವುದು ಕಷ್ಟ. ನನ್ನ ಓಟು ಹುಲ್ಲಿಗೇ.

ಮರಕ್ಕೂ ಈ ತೇವ ತಾಗುತ್ತದೆ. ತೇವದ ಗಾಳಿಯಲ್ಲಿ ಬಿಗಿಯಾಗಿ ಕೂರಿಸಿದ ಸಾಗವಾನಿ ಹಲಗೆ ಒಣ ಮನೆಗೆ ಹೋದ ಮೇಲೆ ಕುಗ್ಗಿ ಸಂದಿ ಬಿಡುತ್ತದೆ. ನಾನು ಅಂತಿಮ ಅಳತೆಯ ಮರವನ್ನು ಪಕ್ಕದ ಒಣ ಕೋಣೆಯಲ್ಲಿ ಇಟ್ಟಿರುತ್ತೇನೆ, ಜೋಡಿಸುವ ದಿನ ಮಾತ್ರ ತರುತ್ತೇನೆ. ಅರಗಿನ ಪಾಲಿಶ್ ಹಚ್ಚುವಾಗ ಪಂಪ್ ಬಂದ್. ಇಲ್ಲವಾದರೆ ಹೊಳಪಿನ ಮೇಲೆ ಹಾಲಿನಂಥ ಬಿಳಿ ಮಬ್ಬು ಕೂರುತ್ತದೆ. ಗರಗಸದ ಎರಕದ ಕಬ್ಬಿಣದ ಮೇಜಿಗೆ ಸಂಜೆ ಮೇಣ ಒರೆಸದಿದ್ದರೆ ಬೆಳಿಗ್ಗೆ ಕಂದು ಚುಕ್ಕೆ ಗ್ಯಾರಂಟಿ. ಉಳಿಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ.

ಕರೆಂಟ್ ವಿಷಯ ಗಂಭೀರ. ಕಬ್ಬಿಣದ ಬಾಡಿ, ನೀರು, ಒದ್ದೆ ಕೈ, ಮೂರೂ ಒಂದೇ ಕಡೆ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಬಂದ್ ಆಗುವ ಸ್ವಿಚ್) ಇಲ್ಲದೆ ಇದನ್ನು ಚಾಲು ಮಾಡಲೇಬೇಡಿ. ನೀರು ತುಂಬುವಾಗ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಜೋಪಾನ.

ನನ್ನದರಲ್ಲಿ ಮೊದಲು ಕೈಕೊಟ್ಟಿದ್ದು ಪಂಪ್, ಆಮೇಲೆ ಟ್ಯಾಂಕಿನ ತಳಕ್ಕೆ ತುಕ್ಕು. ಪಂಪ್ ಕಡಿಮೆ ಬೆಲೆಗೆ ಸಿಗುತ್ತದೆ, ನಾವೇ ಹಾಕಿಕೊಳ್ಳಬಹುದು. ಟ್ಯಾಂಕನ್ನು ಕೆರೆದು ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳದ ಲೇಪ) ಬಳಿದ ಮೇಲೆ ಸೋರಿಲ್ಲ. ಮೋಟಾರು ಇನ್ನೂ ಮೊದಲಿನದೇ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೂಲರಿನ ಕೆಲಸ ಮುಗಿಯಿತು. ಆಗ ನೀರು ಬಿಟ್ಟರೆ ಸೆಕೆ ಹೆಚ್ಚುತ್ತದೆಯೇ ಹೊರತು ತಂಪಾಗುವುದಿಲ್ಲ, ಬರೀ ಫ್ಯಾನ್ ಓಡಿಸಿ. ಮಂಗಳೂರು, ಉಡುಪಿ, ಕಾರವಾರದವರು ಇದನ್ನು ಓದಿ ಕೂಲರ್ ಕೊಳ್ಳಬೇಡಿ. ನಿಮ್ಮ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ದೊಡ್ಡ ಎಕ್ಸಾಸ್ಟ್ ಫ್ಯಾನಿಗೆ ದುಡ್ಡು ಹಾಕಿ. ರಾಯಚೂರು, ಬಳ್ಳಾರಿ, ಯಾದಗಿರಿ, ವಿಜಯಪುರದ ಕಡೆಯವರು ಧೈರ್ಯವಾಗಿ ತರಬಹುದು. ಕೊಳ್ಳುವಾಗ ಟ್ಯಾಂಕಿನ ತಗಡು ದಪ್ಪ ಇದೆಯಾ, ತಳದಲ್ಲಿ ನೀರು ಬಿಡುವ ತೂತು ಇದೆಯಾ ಅಂತ ಬಗ್ಗಿ ನೋಡಿ.