ನೆಟ್‌ವರ್ಕ್ ಮಾರ್ಕೆಟಿಂಗ್‌ನಲ್ಲಿ ಮೂರು ವರ್ಷ: ಸಾಮಾನು ಅವರದು, ಮಾತು ನನ್ನದು

ಹಾಸನದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ನಾನು ಮೂರು ವರ್ಷಗಳಿಂದ ಒಂದು ನೇರ ಮಾರಾಟ ಕಂಪನಿಯ, ಅಂದರೆ ಅಂಗಡಿಯ ಬದಲು ವಿತರಕರ ಮೂಲಕ ಸಾಮಾನು ಮಾರುವ ಕಂಪನಿಯ, ವಿತರಕಿಯೂ ಆಗಿದ್ದೇನೆ. ನಮ್ಮ ಕಡೆ ಇದನ್ನು ಜನ ಇವತ್ತಿಗೂ ‘ಚೈನ್ ಲಿಂಕ್’ ಎಂದೇ ಕರೆಯುತ್ತಾರೆ, ಮತ್ತು ಆ ಹೆಸರು ಕೇಳಿದೊಡನೆ ಮುಖ ತಿರುಗಿಸುತ್ತಾರೆ. ಈ ಬರಹದಲ್ಲಿ ಆ ಕಂಪನಿಯ ಸಾಮಾನುಗಳನ್ನಷ್ಟೇ ಅಲ್ಲದೆ ವಿತರಕರಿಗೆ ಸಿಗುವ ತರಬೇತಿ, ಲೆಕ್ಕಪತ್ರ, ಸಾಮಾನು ಹಿಂತಿರುಗಿಸುವ ವ್ಯವಸ್ಥೆ ಎಲ್ಲವನ್ನೂ ನಾನು ಕಂಡಂತೆ ವಿಮರ್ಶಿಸುತ್ತಿದ್ದೇನೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಏಕೆಂದರೆ ನನಗೆ ಆದ ಕಹಿ ಅನುಭವಗಳಲ್ಲಿ ಬಹುಪಾಲು ನನ್ನ ಮೇಲಿನ ಸಾಲಿನ ತಂಡದಿಂದ, ಅಂದರೆ ನನಗಿಂತ ಮೊದಲು ಸೇರಿ ನನ್ನನ್ನು ತಮ್ಮ ಕೆಳಗೆ ಸೇರಿಸಿಕೊಂಡ ವಿತರಕರಿಂದ ಆದವು. ಅದೇ ಕಂಪನಿಯ ಬೇರೊಂದು ತಂಡದಲ್ಲಿ ಸೇರಿದವರಿಗೆ ಬೇರೆಯೇ ಅನುಭವ ಆಗಿರಬಹುದು.

ಮೊದಲು ಸಾಮಾನಿನ ವಿಷಯ. ಪಾತ್ರೆ ತೊಳೆಯುವ ದ್ರಾವಣ ನಿಜಕ್ಕೂ ಚೆನ್ನಾಗಿದೆ. ಬಾಟಲಿ ತೆರೆದ ದಿನವನ್ನು ನಾನು ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದಿಡುತ್ತೇನೆ. ಐದು ಜನರಿರುವ ನಮ್ಮ ಮನೆಯಲ್ಲಿ ಅರ್ಧ ಮುಚ್ಚಳ ದ್ರಾವಣವನ್ನು ಒಂದು ಲೋಟ ನೀರಿಗೆ ಬೆರೆಸಿ ಬಳಸಿದಾಗ ಒಂದು ಬಾಟಲಿ 52 ದಿನ ಬಂದಿತು. ನೀರು ಬೆರೆಸದೆ ನೇರವಾಗಿ ಸ್ಪಂಜಿಗೆ ಸುರಿದುಕೊಂಡ ನನ್ನ ನಾದಿನಿಯ ಮನೆಯಲ್ಲಿ ಅದೇ ಬಾಟಲಿ 20 ದಿನಕ್ಕೆ ಮುಗಿದಿತ್ತು. ಹಾಗಾಗಿ ‘ಅಂಗಡಿಯದಕ್ಕಿಂತ ಅಗ್ಗ’ ಎಂದು ತಂಡದವರು ಕಲಿಸಿದ ಮಾತನ್ನು ನಾನು ಹೇಳುವುದಿಲ್ಲ. ಬೆರೆಸಿ ಬಳಸಿದರೂ ದಿನದ ಲೆಕ್ಕದಲ್ಲಿ ಅದು ಅಂಗಡಿಯ ಸೋಪಿಗಿಂತ ಸ್ವಲ್ಪ ದುಬಾರಿಯೇ. ಆದರೆ ಕೈ ಒಡೆಯುವುದಿಲ್ಲ, ಹಿತ್ತಾಳೆ ಪಾತ್ರೆಗೆ ಕಲೆ ಕೂರುವುದಿಲ್ಲ ಎಂಬುದನ್ನು ಮೂರು ವರ್ಷ ನೋಡಿ ಹೇಳಬಲ್ಲೆ. ಟೂತ್‌ಪೇಸ್ಟ್ ಪರವಾಗಿಲ್ಲ. ಶಾಂಪೂ ನನ್ನ ಕೂದಲಿಗೆ ಒಗ್ಗಲಿಲ್ಲ, ಆದ್ದರಿಂದ ಅದನ್ನು ಮಾರುವುದನ್ನು ಬಿಟ್ಟೆ. ಪ್ರೋಟೀನ್ ಪುಡಿಯ ಕತೆ ದೊಡ್ಡದು, ಅದನ್ನು ಮುಂದೆ ಹೇಳುತ್ತೇನೆ.

ತರಬೇತಿಯ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಈ ಕೆಲಸದಲ್ಲಿ ನಾವು ನಾವಾಗಿ ಉಳಿಯುತ್ತೇವೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಭಾನುವಾರ ಬೆಳಿಗ್ಗೆ ಹೋಟೆಲೊಂದರ ಮಹಡಿಯ ಹಾಲ್‌ನಲ್ಲಿ ಸಭೆ ನಡೆಯುತ್ತಿತ್ತು. ಹೊಸಬರು ಮುಂದಿನ ಸಾಲಿನಲ್ಲಿ ಕೂರಬೇಕು, ವೇದಿಕೆಗೆ ಬಂದವರ ಹೆಸರಿಗೆ ಎದ್ದು ಚಪ್ಪಾಳೆ ತಟ್ಟಬೇಕು, ‘ನನ್ನ ಕನಸು ಇದು’ ಎಂದು ಮೈಕಿನಲ್ಲಿ ಹೇಳಬೇಕು. ನಾನು ‘ಮಗಳ ಕಾಲೇಜಿನ ಫೀಸು’ ಎಂದಾಗ, ‘ಅದು ಕನಸಲ್ಲ, ಖರ್ಚು. ಕಾರಿನ ಬಣ್ಣ ಹೇಳಿ’ ಎಂದು ತಿದ್ದಿದರು. ಅಂದು ನಾನು ಕಾರಿನ ಬಣ್ಣ ಹೇಳಿಯೂಬಿಟ್ಟೆ. ಮನೆಗೆ ಬರುವಾಗ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿ ಕೊರೆಯುತ್ತಿತ್ತು. ನನಗೆ ಕಾರು ಬೇಕಿರಲಿಲ್ಲ.

ಅದೇ ಸಭೆಯಲ್ಲಿ ಬಿಳಿಹಲಗೆಯ ಮೇಲೆ ವೃತ್ತಗಳನ್ನು ಬರೆದು ತೋರಿಸಿದರು: ನೀವು ಆರು ಜನರನ್ನು ಸೇರಿಸಿ, ಆ ಆರು ಜನ ತಲಾ ಆರು ಜನರನ್ನು ಸೇರಿಸಲಿ, ಹೀಗೇ ಮುಂದುವರಿಯಲಿ. ನಾಲ್ಕನೆಯ ಹಂತದ 1,296ಕ್ಕೆ ಬಂದು ಲೆಕ್ಕ ನಿಲ್ಲಿಸಿದರು. ನಾನು ಮನೆಯಲ್ಲಿ ಮಗಳ ಕ್ಯಾಲ್ಕುಲೇಟರ್ ಹಿಡಿದು ಅದನ್ನೇ ಮುಂದುವರಿಸಿದೆ. ಹತ್ತನೆಯ ಹಂತಕ್ಕೆ 6,04,66,176 ಜನ ಬೇಕಾಗುತ್ತಾರೆ. 2011ರ ಜನಗಣತಿಯ ಪ್ರಕಾರ ಹಸುಗೂಸುಗಳೂ ಸೇರಿ ಇಡೀ ಕರ್ನಾಟಕದ ಜನಸಂಖ್ಯೆ 6,10,95,297. ಮೇಲಿನ ಒಂಬತ್ತು ಹಂತದವರನ್ನೂ ಸೇರಿಸಿದರೆ ರಾಜ್ಯವೇ ಸಾಲದು. ಈ ಲೆಕ್ಕ ಮಾಡಿದ ರಾತ್ರಿಯೇ ನಾನು ಜನರನ್ನು ಸೇರಿಸಿ ದುಡಿಯುವ ಯೋಚನೆಯನ್ನು ಬಿಟ್ಟು, ಸಾಮಾನು ಮಾರಿ ಬರುವ ಲಾಭವನ್ನಷ್ಟೇ ನೆಚ್ಚಿಕೊಳ್ಳಲು ತೀರ್ಮಾನಿಸಿದೆ. ಕಾನೂನು ಗೆರೆ ಎಳೆದಿರುವುದೂ ಸುಮಾರು ಅಲ್ಲಿಯೇ ಎಂದು ಆಮೇಲೆ ತಿಳಿಯಿತು. ಜನರನ್ನು ಸೇರಿಸಿದ್ದಕ್ಕೇ ಹಣ ಹಂಚುವ ಯೋಜನೆಗಳನ್ನು ನಮ್ಮ ದೇಶದಲ್ಲಿ 1978ರ ಕಾಯ್ದೆಯೇ ನಿಷೇಧಿಸಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮಗಳೂ ‘ಪಿರಮಿಡ್ ಯೋಜನೆ’ ಎಂಬ ಹೆಸರಿನಲ್ಲಿ ಇಂಥದ್ದನ್ನು ನಿಷೇಧಿಸಿವೆ.

ಹೆಸರಿನ ಪಟ್ಟಿಯ ವಿಷಯವನ್ನೂ ಹೇಳಲೇಬೇಕು. ಮದುವೆಗೆ ಯಾರನ್ನೆಲ್ಲ ಕರೆಯುತ್ತೀರೋ ನೆನಪಿಸಿಕೊಂಡು ನೂರು ಜನರ ಹೆಸರು ಬರೆಯಿರಿ ಎಂದರು. ನಾನು ಎಪ್ಪತ್ತರವರೆಗೆ ಬರೆದಿದ್ದೆ. ಪಟ್ಟಿಯನ್ನು ಪರಿಶೀಲಿಸಿದ ಹಿರಿಯ ವಿತರಕರು, ಗಂಡನನ್ನು ಕಳೆದುಕೊಂಡು ಆರು ತಿಂಗಳೂ ಆಗಿರದ ನನ್ನ ದೊಡ್ಡಮ್ಮನ ಮಗಳ ಹೆಸರಿನ ಪಕ್ಕ ಕೆಂಪು ಗುರುತು ಹಾಕಿ, “ಇವರಿಗೇ ಮೊದಲು ಫೋನ್ ಮಾಡಿ ಮೇಡಂ, ಇವರಿಗೆ ದುಡ್ಡಿನ ಅಗತ್ಯ ಜಾಸ್ತಿ ಇದೆ” ಎಂದರು. ನಾನು ಆ ಹಾಳೆಯನ್ನು ವಾಪಸ್ ತೆಗೆದುಕೊಂಡೆ. ಅಕ್ಕನಿಗೆ ಫೋನ್ ಮಾಡಿದೆ, ಆದರೆ ಸಾಮಾನಿನ ಮಾತು ಎತ್ತಲಿಲ್ಲ.

ಇಷ್ಟಾದರೂ ಮೊದಲ ವರ್ಷ ನಾನು ಅವರು ಹೇಳಿಕೊಟ್ಟ ಮಾತುಗಳನ್ನೇ ಆಡುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ದಿನಕ್ಕೆ ನಾಲ್ಕು ಬಾರಿ ತಂಡದಿಂದ ಬಂದ ಚಿತ್ರಗಳನ್ನು ಹಾಕುತ್ತಿದ್ದೆ. ಯಾರು ಏನು ಮಾತಾಡಿದರೂ ಅದನ್ನು ಸಾಮಾನಿಗೆ ತಿರುಗಿಸುತ್ತಿದ್ದೆ: ಮೊಣಕಾಲು ನೋವು ಎಂದರೆ ಒಂದು ಡಬ್ಬಿ, ನೆಲ ಜಿಡ್ಡು ಎಂದರೆ ಇನ್ನೊಂದು. ಹದಿನೈದು ವರ್ಷಗಳಿಂದ ದಿನವೂ ಮಾತಾಡುವ ಎದುರುಮನೆಯ ಆಂಟಿಯವರು ಒಂದು ಸಂಜೆ ಬಾಗಿಲು ಅರ್ಧ ತೆರೆದು ನಿಂತು, “ಏನಮ್ಮ, ಕಾಫಿಗೆ ಬಂದ್ಯಾ, ಪೌಡರ್ ಮಾತಾಡೋಕೆ ಬಂದ್ಯಾ?” ಎಂದು ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಅವರು ನನ್ನನ್ನು ಗುರುತಿಸಲಾಗದೆ ಕೇಳಿದಂತೆ ನನಗೆ ಅನಿಸಿತು. ಈಗ ಅವರ ಮನೆಗೆ ಕಾಫಿಗೆ ಹೋಗುವಾಗ ಚೀಲ ಒಯ್ಯುವುದಿಲ್ಲ. ಸಾಮಾನು ಬೇಕಾದಾಗ ಅವರೇ ಫೋನ್ ಮಾಡುತ್ತಾರೆ.

ಇನ್ನು ಪ್ರೋಟೀನ್ ಪುಡಿ. ಅರಸೀಕೆರೆಯ ಹತ್ತಿರವಿರುವ ನನ್ನ ಸೋದರಮಾವನಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅವರ ವಿಷಯವನ್ನು ನಾನು ತಂಡದ ಗುಂಪಿನಲ್ಲಿ ಒಮ್ಮೆ ಹೇಳಿದ್ದೇ ತಪ್ಪಾಯಿತು. ಮೇಲಿನ ಸಾಲಿನವರೊಬ್ಬರು ಫೋನ್ ಮಾಡಿ, ಮೂರು ತಿಂಗಳು ಪುಡಿ ಕೊಟ್ಟು ಮಾತ್ರೆಯನ್ನು ಒಂದೊಂದಾಗಿ ಬಿಡಿಸಿ, ಫಲಿತಾಂಶದ ವಿಡಿಯೋ ಮಾಡಿ ಎಂದು ಸಲಹೆ ಕೊಟ್ಟರು. ನಾನು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಚೀಟಿ ಓದಿದೆ. ಒಂದು ಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದು, ಅಂದರೆ ಔಷಧವಾಗಿ ಬಳಸಲು ಅಲ್ಲ ಎಂದು ಕಂಪನಿಯೇ ಅಚ್ಚು ಹಾಕಿತ್ತು. ಇಂಥ ಪೂರಕ ಆಹಾರಗಳ ಮೇಲೆ ಆ ಸಾಲು ಇರಲೇಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮಧುಮೇಹ ವಾಸಿಮಾಡುತ್ತದೆ ಎಂದು ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ, ಬಾಯಿಮಾತಿನ ಪ್ರಚಾರವೂ ಅದರಲ್ಲಿ ಸೇರಿದೆ. ಕಂಪನಿ ಅನುಮತಿಸಿದ ಮಾತಿಗೆ ಹೊರತಾದ ಭರವಸೆಯನ್ನು ಮಾರುವವರು ಕೊಡಬಾರದೆಂದು 2021ರ ನಿಯಮಗಳೂ ಹೇಳುತ್ತವೆ. ಹಾಗಾದರೆ ಡಬ್ಬಿಯ ಮೇಲೆ ಕಂಪನಿ ಹೇಳದೇ ಇರುವ ಮಾತನ್ನು ನನ್ನ ಬಾಯಿಂದ ಹೇಳಿಸಲು ಹೊರಟವರು, ನಾಳೆ ಮಾವನ ಸಕ್ಕರೆ ಏರಿದರೆ ಯಾರ ಹೆಸರು ಹೇಳುತ್ತಿದ್ದರು? ನಾನು ಮಾವನಿಗೆ ಪುಡಿ ಮಾರಲಿಲ್ಲ. ಆ ತಿಂಗಳು ಮಾರಾಟಕ್ಕೆ ಸಿಗುವ ಪಾಯಿಂಟ್‌ಗಳಲ್ಲಿ ನಾನು ಗುರಿ ಮುಟ್ಟಲಿಲ್ಲ, ಗುಂಪಿನಲ್ಲಿ ನನ್ನ ಹೆಸರನ್ನು ‘ನಂಬಿಕೆ ಕಡಿಮೆ ಇರುವವರು’ ಎಂಬ ಪಟ್ಟಿಗೆ ಸೇರಿಸಿದರು. ಆ ಗುಂಪಿನಿಂದ ಅಂದೇ ಹೊರಬಂದೆ. ವಿತರಣೆಯ ಒಪ್ಪಂದ ಇರುವುದು ಕಂಪನಿಯೊಂದಿಗೆ, ವಾಟ್ಸಾಪ್ ಗುಂಪಿನೊಂದಿಗಲ್ಲ. ಗುಂಪು ಬಿಟ್ಟರೂ ಸಾಮಾನು ತರಿಸಲು ಯಾವ ತೊಂದರೆಯೂ ಆಗಲಿಲ್ಲ. ಇದನ್ನು ಹೊಸಬರು ಗಮನಿಸಬೇಕು, ಏಕೆಂದರೆ ತಂಡ ಬಿಟ್ಟರೆ ಎಲ್ಲವೂ ಮುಗಿಯಿತು ಎಂದೇ ನಮ್ಮನ್ನು ನಂಬಿಸಿರುತ್ತಾರೆ.

ನನ್ನ ಬಾಲ್ಯದಲ್ಲಿ ಅಜ್ಜಿಯ ಊರಿಗೆ ಬಳೆಗಾರರು ಮಲಾರ ಹೊತ್ತು ಬರುತ್ತಿದ್ದರು. ಯಾರ ಕೈಗೆ ಯಾವ ಅಳತೆ ಎಂಬುದು ಅವರಿಗೆ ಬಾಯಿಪಾಠ. ಜಗಲಿಯ ಮೇಲೆ ಕುಳಿತು, ಬೆರಳುಗಳನ್ನು ಒಟ್ಟಿಗೆ ಹಿಡಿದು, ಕೈಯನ್ನು ಮೆದುವಾಗಿ ಒತ್ತಿ ಬಳೆ ಏರಿಸುತ್ತಿದ್ದರು. ಏರದ ಬಳೆಯನ್ನು ಹಟಹಿಡಿದು ತೊಡಿಸುತ್ತಿರಲಿಲ್ಲ. ಮನೆಬಾಗಿಲಿನ ಮಾರಾಟ ನಮಗೆ ಹೊಸದಲ್ಲ. ಹೊರಗಿನ ದೇಶಗಳಲ್ಲೂ ಇದರ ಒಳ್ಳೆಯ ದಿನಗಳನ್ನು ಕಟ್ಟಿದವರು ಸ್ವಂತ ಗುಣವುಳ್ಳ ಹೆಂಗಸರೇ. ಅಮೆರಿಕದಲ್ಲಿ ಟಪ್ಪರ್‌ವೇರ್ ಡಬ್ಬಿಗಳನ್ನು ಮನೆಮನೆಯ ಕೂಟಗಳಲ್ಲಿ ಮಾರುವ ಪದ್ಧತಿಯನ್ನು ಬೆಳೆಸಿದವರು ಬ್ರೌನಿ ವೈಸ್. ಮಗನನ್ನು ಒಬ್ಬರೇ ಸಾಕುತ್ತಿದ್ದ ಅವರು 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಮೊದಲ ಮಹಿಳೆ. 1958ರಲ್ಲಿ ಕಂಪನಿ ಅವರನ್ನು ಹೊರಹಾಕಿದಾಗ ಅವರ ಹೆಸರಿನಲ್ಲಿ ಕಂಪನಿಯ ಒಂದು ಷೇರೂ ಇರಲಿಲ್ಲ. ಆ ವಿವರ ಓದಿದ ಮೇಲೆ ನಾನು ಗ್ರಾಹಕರ ಲೆಕ್ಕವನ್ನು ಕಂಪನಿಯ ಆ್ಯಪ್‌ನಲ್ಲಿ ಮಾತ್ರ ಇಡದೆ ನನ್ನದೇ ಒಂದು ಪುಸ್ತಕದಲ್ಲಿ ಬರೆಯತೊಡಗಿದೆ.

ಆ ಪುಸ್ತಕದಲ್ಲಿ ಪ್ರತಿ ಮನೆಗೂ ಒಂದು ಪುಟ. ಏನು ಕೊಂಡರು, ಎಷ್ಟು ದಿನ ಬಂತು, ಏನು ಇಷ್ಟವಾಗಲಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ‘ವಾಸನೆ ಜಾಸ್ತಿ’, ‘ಬಿಳಿ ಬಟ್ಟೆಗೆ ಸರಿ, ಪಂಚೆಯ ಅಂಚಿಗೆ ಬೇಡ’, ‘ಮಗುವಿನ ಬಟ್ಟೆಗೆ ಹಾಕಲ್ಲ’. ಹೊಸ ಗ್ರಾಹಕರು ಕೇಳಿದಾಗ ನಾನು ಈ ಮಾತುಗಳನ್ನು ಹೇಳುತ್ತೇನೆ, ಬೈಯ್ದವರ ಮಾತನ್ನೂ ಸೇರಿಸಿ. ನಲವತ್ತಕ್ಕೂ ಹೆಚ್ಚು ಸಾಮಾನುಗಳ ಪಟ್ಟಿಯಲ್ಲಿ ನಾನು ಮಾರುವುದು ಈಗ ಐದನ್ನು ಮಾತ್ರ. ಫೋನ್ ಮಾಡದೆ ಯಾರ ಮನೆಗೂ ಹೋಗುವುದಿಲ್ಲ. ಗುರುತಿನ ಚೀಟಿ ಮತ್ತು ಮುಂಚಿತ ಒಪ್ಪಿಗೆ ಇಲ್ಲದೆ ಗ್ರಾಹಕರ ಮನೆಗೆ ಹೋಗಬಾರದೆಂಬ ನಿಯಮ ಬಂದಿರುವುದು ನನಗೆ ಸಮಾಧಾನವನ್ನೇ ತಂದಿದೆ. ‘ಹೇಳದೆ ಹೋದರೆ ಇಲ್ಲ ಅನ್ನೋಕೆ ಆಗಲ್ಲ’ ಎಂದು ತರಬೇತಿಯಲ್ಲಿ ಕಲಿಸಿದ್ದು ಎಷ್ಟು ಕೆಟ್ಟದ್ದೆಂದು ಬಾಗಿಲ ಆಚೆ ನಿಂತವರಿಗಿಂತ ಒಳಗಿದ್ದವರಿಗೆ ಚೆನ್ನಾಗಿ ಗೊತ್ತು.

ವರಮಾನ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಮೊದಲ ವರ್ಷ ಬೆಂಗಳೂರಿನ ಎರಡು ದೊಡ್ಡ ಸಭೆಗಳ ಟಿಕೆಟ್, ಬಸ್ಸು, ಊಟ, ಮಾರಾಟವಾಗದೆ ಉಳಿದ ಸಾಮಾನು ಎಲ್ಲ ಸೇರಿ ನಾನು ಕೈಯಿಂದ 11,000 ರೂಪಾಯಿಗೂ ಹೆಚ್ಚು ಕಳೆದುಕೊಂಡೆ. ಸಭೆಗಳಿಗೆ ಹೋಗುವುದನ್ನು ನಿಲ್ಲಿಸಿದ ಎರಡನೆಯ ವರ್ಷ ಅದು ಸರಿದೂಗಿತು. ಈ ವರ್ಷ ತಿಂಗಳಿಗೆ ಸರಾಸರಿ 2,600 ರೂಪಾಯಿ ಉಳಿಯುತ್ತಿದೆ. ಬ್ಲೌಸ್ ಹೊಲಿದು ಬರುವ ಹಣದ ಮುಂದೆ ಇದು ಸಣ್ಣದು, ಆದರೆ ಯಾರ ಮುಂದೆಯೂ ತಲೆತಗ್ಗಿಸದೆ ಬಂದದ್ದು. ಇದನ್ನೇ ನೆಚ್ಚಿ ಕೆಲಸ ಬಿಡುತ್ತೇನೆ ಎನ್ನುವವರಿಗೆ ನಾನು ಖಂಡಿತ ಬೇಡ ಎನ್ನುತ್ತೇನೆ.

ಸಾಮಾನು ಹಿಂತಿರುಗಿಸುವ ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿದೆ. ತೆರೆಯದ ಮೂರು ಡಬ್ಬಿಗಳನ್ನು ವಾಪಸ್ ಕಳಿಸಿದಾಗ ಹಣ ಬಂದಿತು, ಆದರೆ ನಾಲ್ಕು ಬಾರಿ ಫೋನ್ ಮಾಡಬೇಕಾಯಿತು ಮತ್ತು ಸಾಗಣೆಯ ಖರ್ಚು ನನ್ನದೇ ಆಯಿತು. ಒಪ್ಪಂದದ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಕೊಡಿ ಎಂದು ಎರಡು ಬಾರಿ ಬರೆದು ಕೇಳಿದರೂ ಬಂದಿಲ್ಲ. ಕರ್ನಾಟಕದ ಹೆಂಗಸರ ಬಾಯಿಮಾತಿನಿಂದ ಇಷ್ಟೊಂದು ಮಾರಾಟ ಮಾಡುವ ಕಂಪನಿ ಅವರ ಭಾಷೆಯಲ್ಲಿ ನಾಲ್ಕು ಪುಟ ಅಚ್ಚು ಹಾಕಿಸದಿರುವುದು ನನ್ನ ದೊಡ್ಡ ದೂರು. ಸೇರುವವರು ಆ ಪತ್ರವನ್ನು ಓದಬಲ್ಲವರಿಂದ ಓದಿಸಿಕೊಳ್ಳಿ; ದಂಡವಿಲ್ಲದೆ ಹೊರಬರುವ ಅವಧಿ ಎಷ್ಟು ದಿನ, ದೂರು ಕೇಳುವ ಅಧಿಕಾರಿ ಯಾರು ಎಂಬ ಎರಡು ಸಾಲುಗಳನ್ನು ಬೆರಳಿಟ್ಟು ತೋರಿಸಲು ಹೇಳಿ. ಹೊಸದಾಗಿ ಸೇರಲು ಬಂದವರಿಗೆ ಪುಸ್ತಕ ಅಥವಾ ಪ್ರಾತ್ಯಕ್ಷಿಕೆಯ ಸಾಮಗ್ರಿಯನ್ನು ಕಡ್ಡಾಯವಾಗಿ ಕೊಳ್ಳಿಸುವಂತಿಲ್ಲ. ಕೊಳ್ಳಿಸಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು.

ಅಂಕ ಕೊಡುವುದಾದರೆ ಐದರಲ್ಲಿ ಸಾಮಾನಿಗೆ ಮೂರೂವರೆ, ಹಿಂತಿರುಗಿಸುವ ವ್ಯವಸ್ಥೆಗೆ ಎರಡೂವರೆ, ತಂಡದ ತರಬೇತಿಗೆ ಅರ್ಧ. ಆ ಅರ್ಧವೂ ನಾಲ್ಕು ಜನರ ಮುಂದೆ ಮೈಕು ಹಿಡಿದು ನಿಲ್ಲುವ ಹೆದರಿಕೆ ಹೋದದ್ದಕ್ಕೆ.

ಕಳೆದ ವಾರ ಬ್ಲೌಸ್ ಅಳತೆ ಕೊಡಲು ಬಂದ ಹುಡುಗಿಯೊಬ್ಬಳು, “ಅಕ್ಕ, ನಾನೂ ನಿಮ್ಮ ಕೈಕೆಳಗೆ ಸೇರ್ಕೋತೀನಿ” ಎಂದಳು. ನಾನು ಅರ್ಜಿಯನ್ನು ತೆಗೆಯಲಿಲ್ಲ. ಒಂದು ಬಾಟಲಿ ದ್ರಾವಣವನ್ನೂ, ಹೆಸರುಗಳಿರುವ ಪುಟಗಳನ್ನು ಮಡಚಿ ಪಿನ್ ಹಾಕಿ ನನ್ನ ಜಮಾಖರ್ಚಿನ ಪುಸ್ತಕವನ್ನೂ ಅವಳಿಗೆ ಕೊಟ್ಟೆ. ಬಾಟಲಿ ಮುಗಿದ ಮೇಲೆ ಪುಸ್ತಕ ವಾಪಸ್ ತಂದುಕೊಡು, ಆಮೇಲೆ ಮಾತಾಡೋಣ ಎಂದು ಹೇಳಿ, ಮುಚ್ಚಳದ ಮೇಲೆ ಅಂದಿನ ತಾರೀಖು ಬರೆದು ಕಳಿಸಿದ್ದೇನೆ.